ಮೂಲೆಯ ಆನೆಗೆ ಎಷ್ಟು ಹಾಜರಿ?

ಪ್ರಸಿದ್ಧ ದೇವಸ್ಥಾನವಿರುವ ಊರಿನಲ್ಲಿ ಮನೆ ಮಾಡಬಾರದು. ತೊಂದರೆ ದೇವರಿಂದಲ್ಲ, ನೆಂಟರಿಂದ. ನನಗೆ ಹಳೇಬೀಡಿಗೆ ವರ್ಗವಾದದ್ದೇ ತಡ, ಯಾವುದೋ ಮದುವೆಯಲ್ಲಿ ಒಮ್ಮೆ ಮುಖ ನೋಡಿದವರೂ ನಮ್ಮನ್ನು ನೆನಪಿಸಿಕೊಳ್ಳತೊಡಗಿದರು. ಬೇಲೂರಿನ ಎಸ್‌ಟಿಡಿ ಬೂತಿನಿಂದ ‘ಇಲ್ಲೇ ಬಂದಿದ್ದೇವೆ’ ಎಂದು ಫೋನ್ ಬಂದರೆ, ನನ್ನ ಹೆಂಡತಿ ಸರೋಜ ಉಪ್ಪಿಟ್ಟಿಗೆ ನೀರಿಡುತ್ತಿದ್ದಳು. ಆಮೇಲೆ ಇಬ್ಬರೂ ಗುಡಿ ತೋರಿಸಲು ಹೊರಡುವುದು.

ತೋರಿಸಿ ತೋರಿಸಿ ನಾನೂ ಅರೆಪಂಡಿತನಾದೆ. ಈ ಕಲ್ಲು ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಹೊಯ್ಸಳರ ಶಿಲ್ಪಿಗಳು ಭಾರ ಹೊರಲೆಂದು ಆನೆಗಳ ಸಾಲನ್ನು ಎಲ್ಲಕ್ಕಿಂತ ಕೆಳಗಿಟ್ಟರು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಎಂದೆಲ್ಲ ಭಾಷಣ ಬಿಗಿಯುತ್ತಿದ್ದೆ. ಸರೋಜಳಿಗೆ ಇದ್ದದ್ದು ಒಂದೇ ಆಸೆ: ಆ ಆನೆಗಳನ್ನು ಒಮ್ಮೆಯಾದರೂ ಪೂರ್ತಿ ಎಣಿಸಬೇಕು. ಹತ್ತು ವರ್ಷದಲ್ಲಿ ಅದು ಆಗಲೇ ಇಲ್ಲ. ಗೋಡೆ ನೆಟ್ಟಗಿದ್ದರೆ ತಾನೆ? ನಕ್ಷತ್ರದ ಹಾಗೆ ಮಡಚಿ ಮಡಚಿ ಹೋಗುತ್ತದೆ. ಮೂಲೆ ತಿರುಗುವಲ್ಲಿ ಕೆಲವು ಆನೆಗಳ ತಲೆ ಈ ಬದಿಗೆ, ಬೆನ್ನು ಆ ಬದಿಗೆ. ನಾನು ಅದನ್ನು ಎರಡು ಎನ್ನುತ್ತಿದ್ದೆ, ಅವಳು ಒಂದು.

“ಅಲ್ರೀ, ಒಂದಾನೆಗೆ ಎಷ್ಟು ಸಲ ಹಾಜರಿ ಹಾಕ್ತೀರಿ?”

“ಎರಡು ಗೋಡೆ ಕಣೇ, ಎರಡು ಲೆಕ್ಕ.”

“ಹಂಗಾದ್ರೆ ನೀವೂ ಇಬ್ರು. ನಿಮ್ ಹೊಟ್ಟೆ ಆಗ್ಲೇ ಮೂಲೆ ತಿರುಗೈತೆ, ನೀವಿನ್ನೂ ಈ ಕಡೆ ಇದೀರಿ!”

ನೆಂಟರು ನಗುವಷ್ಟರಲ್ಲಿ ಲೆಕ್ಕ ತಪ್ಪಿರುತ್ತಿತ್ತು. ಮುಂದಿನ ಭಾನುವಾರ ಮತ್ತೆ ಮೊದಲಿನಿಂದ.

ಕಳೆದ ಮಾಘದಲ್ಲಿ ಸರೋಜ ತೀರಿಕೊಂಡಳು. ನೆಂಟರೆಲ್ಲ ಬಂದರು, ಆ ಸಲ ಯಾರೂ ಗುಡಿ ತೋರಿಸು ಎನ್ನಲಿಲ್ಲ. ತಿಂಗಳು ಕಳೆದ ಮೇಲೆ, ಅವಳ ಆಸೆಯನ್ನಾದರೂ ಮುಗಿಸೋಣವೆಂದು ಒಬ್ಬನೇ ಹೋದೆ. ಬಾಗಿಲ ಬಳಿಯ ಆನೆಯಿಂದ ಶುರು ಮಾಡಿದೆ. ತಡೆಯುವವರಿಲ್ಲ, ಜಗಳವಿಲ್ಲ. ಬೆಳಗಿನ ಬಿಸಿಲು ಏರುವಷ್ಟರಲ್ಲಿ ಸುತ್ತು ಮುಗಿದು ಹೊರಟಲ್ಲಿಗೇ ಬಂದು ನಿಂತಿದ್ದೆ.

ಹುಲ್ಲಿನ ಮೇಲೆ ಕೂತಿದ್ದ ಕಾವಲುಗಾರ ಸಿದ್ದಣ್ಣ ಎದ್ದು ಬಂದ. “ಏನ್ಸಾ, ಇವತ್ತು ಪೂರ್ತಿ ಆತಾ?”

“ಆಯ್ತು.”

“ಅಮ್ಮಾರ್ ಲೆಕ್ಕವೋ, ನಿಮ್ದೋ?”

ಆಗಲೇ ನನಗೆ ಹೊಳೆದದ್ದು. ಮೂಲೆಯ ಆನೆಗಳನ್ನೆಲ್ಲ ನಾನು ಒಂದೊಂದೇ ಎಂದು ಎಣಿಸಿದ್ದೆ. ಹತ್ತು ವರ್ಷ ಒಪ್ಪದವನು, ಗೆದ್ದೆ ಎಂದು ಕುಣಿಯಲು ಅವಳಿಲ್ಲದ ದಿನ ಒಪ್ಪಿದ್ದೆ.

“ಎಲ್ಲೋ ತಪ್ಪಿತು ಸಿದ್ದಣ್ಣ. ಮುಂದಿನ ಭಾನುವಾರ ನೋಡೋಣ.”

“ಬನ್ನಿ ಸಾ. ಆನೆ ಎಲ್ಲಿಗೂ ಓಗಾಕಿಲ್ಲ.”

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಎಷ್ಟಾಯಿತೆಂದು ಯಾರಾದರೂ ಕೇಳಿದರೆ, ಇನ್ನೂ ಮುಗಿದಿಲ್ಲ ಎನ್ನುತ್ತೇನೆ. ಮೂಲೆ ಬಂದಾಗ ಮಾತ್ರ ನಿಂತು, ಗಟ್ಟಿಯಾಗಿ ‘ಎರಡು’ ಎನ್ನುತ್ತೇನೆ. ಹೊಟ್ಟೆಯನ್ನು ತುಸು ಒಳಗೆಳೆದುಕೊಂಡು.