ಕೌದಿ ಹೊದ್ದ ತಾಳೆ ಮರ

ಊರಿನ ಹೆಸರು ಹೇಳಿದ ಕೂಡಲೇ ಆ ಊರಿನ ವಿದ್ಯೆಯೂ ನಮ್ಮ ಕೈಯಲ್ಲಿದೆ ಎಂದು ಜನ ನಂಬಿಬಿಡುತ್ತಾರೆ. ಉಡುಪಿಯವನು ಎಂದರೆ ದೋಸೆ ಹುಯ್ಯಬಲ್ಲ, ಧಾರವಾಡದವನು ಎಂದರೆ ಹಾಡಬಲ್ಲ, ಮೈಸೂರಿನವನು ಎಂದರೆ ಮಲ್ಲಿಗೆಯ ಬಗ್ಗೆ ಎರಡು ಮಾತಾದರೂ ಆಡಬಲ್ಲ. ನಾನು ತಿಪಟೂರಿನವನು. ಹಾಗೆಂದ ಮೇಲೆ ತೆಂಗಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ಎದುರಿಗಿದ್ದವರು ತೀರ್ಮಾನಿಸುತ್ತಾರೆ. ಆ ತೀರ್ಮಾನವನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಿದ್ದಿಲ್ಲ. ನಿಜ ಹೇಳಬೇಕೆಂದರೆ ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ನಾವಿದ್ದದ್ದು ಬಾಡಿಗೆ ಮನೆ, ಹಿತ್ತಲಲ್ಲಿದ್ದ ಒಂದೇ ಒಂದು ತೆಂಗಿನ ಮರ ಮಾಲೀಕರದು. ಅದರ ಕೆಳಗೆ ಓಡಾಡುವಾಗ ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು ಎನ್ನುವುದೊಂದೇ ನಾನು ಕಲಿತ ತೋಟಗಾರಿಕೆ. ಉಳಿದ ಸಂಬಂಧವೆಲ್ಲ ಚಟ್ನಿಯದು.

ಮದುವೆಯಾದ ಮೇಲೆ ಈ ಊರ ಜಂಬ ಇನ್ನಷ್ಟು ಬಲಿತಿತು. ನನ್ನ ಹೆಂಡತಿ ಗಿರಿಜಾ ಬಿಜಾಪುರದ ಕಡೆಯವಳು. ಜೋಳ, ಬಿಸಿಲು, ಕರಿಮಣ್ಣು. "ನಿಮ್ಮ ಕಡೆಯವರು ತೆಂಗಿನಕಾಯಿ ನೋಡೋದು ದೇವರ ಮುಂದೆ ಒಡೆದಾಗ ಮಾತ್ರ" ಎಂದು ಅವಳನ್ನು ರೇಗಿಸುವುದು ನನ್ನ ನಿತ್ಯದ ಅಭ್ಯಾಸ. ಅವಳು ರೊಟ್ಟಿ ಬಡಿಯುತ್ತಲೇ, "ಹೌದ್ರೀ, ನಿಮ್ಮ ಕಡೆಯವ್ರು ಬರೇ ಅದರ ನೆಳ್ಳಾಗ ಕುಂತು ಮಾತಾಡ್ತೀರಿ" ಎನ್ನುತ್ತಿದ್ದಳು.

ಗ್ರೀನ್ ಕಾರ್ಡಿನ ಕಾಲ ಅದು. ಕಂಪ್ಯೂಟರ್ ಬಲ್ಲವರು ಬೇಕೆಂದು ಜರ್ಮನಿ ಕರೆದಾಗ ಐದು ವರ್ಷದ ಪರವಾನಗಿ ಹಿಡಿದು ಹೆಂಡತಿ, ಪುಟ್ಟ ಮಗಳ ಸಮೇತ ಬಂದವರಲ್ಲಿ ನಾನೂ ಒಬ್ಬ. ಇಂಗೋಲ್‌ಸ್ಟಾಟ್‌ನಲ್ಲಿ ಕಾರಿನೊಳಗಿನ ಸಾಫ್ಟ್‌ವೇರ್ ಬರೆಯುವ ಕೆಲಸ. ನಮ್ಮ ಮನೆ ನೆಲಮಹಡಿಯಲ್ಲಿತ್ತು, ಮೇಲೆ ಮಾಲೀಕಳಾದ ಫ್ರೌ ಲೆಹ್ನರ್, ಎಪ್ಪತ್ತು ದಾಟಿದ ಹೆಂಗಸು. ಇಲ್ಲಿ ಶ್ರೀಮತಿಗೆ ಫ್ರೌ, ಶ್ರೀಯುತರಿಗೆ ಹೆರ್ ಎನ್ನುತ್ತಾರೆ. ಹಿಂದಿನ ತೋಟದಲ್ಲಿ ಅವರ ಗಂಡ ಜೆಪ್ ಸಾಕಿದ ಒಂದು ತಾಳೆ ಮರವಿತ್ತು. ಇಟಲಿಯ ಗಾರ್ಡಾ ಸರೋವರಕ್ಕೆ ರಜೆಗೆ ಹೋದಾಗ ಅಂಗೈಯಗಲದ ಸಸಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದಿದ್ದರಂತೆ. ಈಗ ಅದು ನನಗಿಂತ ಒಂದು ಮೊಳ ಎತ್ತರ. ತೆಂಗೂ ಅಲ್ಲ, ಅಡಿಕೆಯೂ ಅಲ್ಲ. ಬೀಸಣಿಗೆಯಂಥ ಎಲೆ, ಕಾಂಡದ ಸುತ್ತ ಕಂಬಳಿ ಸುತ್ತಿದ ಹಾಗೆ ನಾರು. ಅಷ್ಟು ನಾರಿದ್ದರೂ ನಾವಿದ್ದ ಬವೇರಿಯಾ ಪ್ರಾಂತ್ಯದ ಚಳಿಗೆ ಸಾಲದು. ಪ್ರತಿ ಚಳಿಗಾಲದಲ್ಲೂ ಜೆಪ್ ಅದನ್ನು ಏನೇನೋ ಹೊದಿಸಿ ಕಾಪಾಡುತ್ತಿದ್ದರಂತೆ. ನಾವು ಬಂದ ವರ್ಷದ ಬೇಸಿಗೆಯಲ್ಲೇ ಜೆಪ್ ತೀರಿಕೊಂಡರು.

ಅಕ್ಟೋಬರಿನ ಒಂದು ಶನಿವಾರ ಕಸ ವಿಂಗಡಿಸಿ ಹಾಕುತ್ತಿದ್ದೆ. ತರಕಾರಿ ಸಿಪ್ಪೆಗೊಂದು ಡಬ್ಬಿ, ಕಾಗದಕ್ಕೊಂದು, ಪ್ಲಾಸ್ಟಿಕ್ಕಿಗೊಂದು. ಜರ್ಮನಿಯಲ್ಲಿ ನನಗೆ ಇಂದಿಗೂ ಪೂರ್ತಿ ಅರ್ಥವಾಗದ ಶಾಸ್ತ್ರ ಇದೊಂದೇ. ಬೇಲಿಯ ಬಳಿ ಫ್ರೌ ಲೆಹ್ನರ್ ಪಕ್ಕದ ಮನೆಯ ಹೆರ್ ಬ್ರಾಂಡ್ಲ್ ಜೊತೆ ಮಾತಾಡುತ್ತಿದ್ದರು. ಕಾರು ಕಾರ್ಖಾನೆಯಿಂದ ನಿವೃತ್ತರಾದ ಬ್ರಾಂಡ್ಲ್ ತಮ್ಮ ಬೇಲಿಗೆ ಒಂದು ಥರ್ಮಾಮೀಟರ್ ಹೊಡೆದು ದಿನಕ್ಕೆ ಮೂರು ಸಲ ಅದರ ಮುಂದೆ ನಿಲ್ಲುವವರು. ಚಳಿ ಬೀಳುವ ಮೊದಲೇ ಮರವನ್ನು ಕಡಿಸಿಬಿಡುತ್ತೇನೆ, ಕಣ್ಣೆದುರಿಗೆ ಕೊಳೆಯುವುದನ್ನು ನೋಡಲಾರೆ ಎಂದು ಫ್ರೌ ಲೆಹ್ನರ್ ಹೇಳುತ್ತಿದ್ದುದು ನನ್ನ ಅರ್ಧಂಬರ್ಧ ಜರ್ಮನ್‌ಗೂ ತಿಳಿಯಿತು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ ನನಗೆ ಕರುಣೆ ಬಂತು ಎಂದು ಬರೆಯುವ ಆಸೆ ಇದೆ, ಆದರೆ ಮೊದಲು ಬಂದದ್ದು ತಿಪಟೂರು. "ಕಡಿಸಬೇಡಿ. ನಾನಿದ್ದೇನೆ. ನಮ್ಮೂರಲ್ಲಿ ಮಕ್ಕಳಿಗಿಂತ ತೆಂಗಿನ ಮರಗಳೇ ಹೆಚ್ಚು" ಎಂದುಬಿಟ್ಟೆ. ಹೆರ್ ಬ್ರಾಂಡ್ಲ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕಂಪ್ಯೂಟರ್ ಇಂಡರ್" (ಇಂಡರ್ ಎಂದರೆ ಇಂಡಿಯದವನು) ಎಂದು ಗೊಣಗಿ, ಮರದ ಕಡೆ ತಿರುಗಿ, "ಇದು ಉಳಿಯೋದಿಲ್ಲ" ಎಂದರು. ಇನ್ನೇನು ಬೇಕು? ಇಷ್ಟು ಹೊತ್ತು ಮರದ್ದಾಗಿದ್ದ ಪ್ರಶ್ನೆ ಈಗ ನನ್ನ ಮಾನದ್ದಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಡಿಕೆಯ ದೂರದ ನೆಂಟನಾದ ಈ ತಾಳೆಗೆ ಹೋದರೂ ಅಷ್ಟೇ.

ಮಾತು ಕೊಟ್ಟಾಯಿತು, ವಿದ್ಯೆ ಎಲ್ಲಿಂದ ತರುವುದು? ತೋಟವಿರುವ ನನ್ನ ಸೋದರಮಾವ ನಂಜುಂಡಪ್ಪನವರಿಗೆ ಫೋನ್ ಮಾಡಿದೆ. ಹಿಮ, ಮೈನಸ್ ಡಿಗ್ರಿ ಎಂದೆಲ್ಲ ವಿವರಿಸಿದೆ. ಮಾವ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. "ಎಲ್ಲಿದ್ರೇನ್ಲಾ, ಮರ ಮರಾನೇ. ಬುಡ ಬಿಡಿಸಿ ಒಂದೆರಡು ಸೇರು ಉಪ್ಪು ಹಾಕು. ಸುಳಿ ಮೇಲೆ ಮಾತ್ರ ಕಣ್ಣಿಟ್ಟಿರು. ನಡುಮಧ್ಯ ಇರೋ ಎಳೇ ಗರಿ ಹಿಡ್ದು ಎಳುದ್ರೆ ಅಲ್ಲಾಡಬಾರ್ದು. ಕೈಗೆ ಬಂತೋ, ಮರ ಹೋಯ್ತು ಅಂತ ತಿಳ್ಕೋ" ಎಂದರು.

ಮರುದಿನವೇ ನಾಲ್ಕು ಪೊಟ್ಟಣ ಅಡುಗೆ ಉಪ್ಪನ್ನು ಬುಡದ ಸುತ್ತ ಸುರಿದೆ. ಅದು ಭಾನುವಾರ. ಇಡೀ ಬೀದಿ ಕಿಟಕಿಯಲ್ಲಿತ್ತು. ಹೆರ್ ಬ್ರಾಂಡ್ಲ್ ಬೇಲಿ ಹಾರುವುದೊಂದು ಬಾಕಿ. ಇಲ್ಲಿ ಗಿಡಮರ ಸಾಯುತ್ತವೆಂದು ಹಿಮ ಬಿದ್ದ ಕಾಲುದಾರಿಗೂ ಉಪ್ಪು ಹಾಕುವುದಿಲ್ಲ, ನೀನು ನೇರವಾಗಿ ಬೇರಿಗೇ ಹಾಕುತ್ತೀಯಲ್ಲ ಎಂದು ಕೂಗಿದರು. ಫ್ರೌ ಲೆಹ್ನರ್ ಮನೆಯ ಚಪ್ಪಲಿಯಲ್ಲೇ ಕೆಳಗಿಳಿದು ಬಂದು, ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತರು. ನಾನು ಅಡುಗೆಮನೆಯ ಸೌಟು ತಂದು, ಹಾಕಿದ ಉಪ್ಪನ್ನೆಲ್ಲ ಮಣ್ಣಿನ ಸಮೇತ ಕೆರೆದು ಬಕೆಟ್ಟಿಗೆ ತುಂಬಿದೆ. "ಇದು ನಮ್ಮ ಕಡೆಯ ಶಾಸ್ತ್ರ. ಹಾಕಬೇಕು, ಕೂಡಲೇ ತೆಗೆಯಬೇಕು" ಎಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಕಿಟಕಿಯಲ್ಲಿ ನಿಂತಿದ್ದ ಗಿರಿಜಾ, "ಸೌಟ್ ಒಳಗ ತರಬ್ಯಾಡ್ರಿ" ಎಂದಳು.

ಉಪ್ಪಿನ ಅವಮಾನವನ್ನು ತಂತ್ರಜ್ಞಾನದಿಂದ ತೊಳೆಯಲು ನಿಶ್ಚಯಿಸಿದೆ. ಆಫೀಸಿಗೆ ಹೊಸ ಕಂಪ್ಯೂಟರ್‌ಗಳು ಬಂದಿದ್ದವು. ಅವುಗಳ ಜೊತೆ ಬಂದ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆಯನ್ನೆಲ್ಲ ಹೊತ್ತು ತಂದೆ. ಎಲೆಗಳನ್ನು ಜುಟ್ಟಿನಂತೆ ಮೇಲಕ್ಕೆತ್ತಿ ಕಟ್ಟಿ, ಬುಡದಿಂದ ತುದಿಯವರೆಗೆ ಆರು ಸುತ್ತು ಸುತ್ತಿ, ಮೇಲೆ ಟೇಪ್ ಹಚ್ಚಿದೆ. ಗಾಳಿ ನುಸುಳಲು ಕೂದಲೆಳೆಯಷ್ಟೂ ಸಂದಿ ಇರಲಿಲ್ಲ. ಮರದ ಬದಲು ಒಂದು ದೊಡ್ಡ ಪಾರ್ಸೆಲ್ ತೋಟದಲ್ಲಿ ನಿಂತಿತು. ಅದರ ಮುಂದೆ ನಿಂತು ನಾನು ಫೋಟೋ ಕೂಡ ತೆಗೆಸಿಕೊಂಡೆ.

ಡಿಸೆಂಬರಿನ ಒಂದು ಮಧ್ಯಾಹ್ನ ಎಳೆಬಿಸಿಲು ಬಂದಾಗ ಬಟ್ಟೆ ಒಣಗಿಸಲು ಹೋಗಿದ್ದ ಗಿರಿಜಾ ನನ್ನನ್ನು ಕೂಗಿ ಕರೆದಳು. ಪಾರ್ಸೆಲ್ಲಿನೊಳಗೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು.

"ಏನ್ರೀ ಇದು? ಒಳಗ ಬೆವತೈತಿ ನೋಡ್ರಿ. ಯಾರರೆ ಕೂಸಿಗೆ ಪ್ಲಾಸ್ಟಿಕ್ ಸುತ್ತತಾರೇನ್ರೀ? ಉಸಿರಾಡೂದು ಹೆಂಗ ಅದು?"

"ಇದು ಮರ ಕಣೇ, ಕೂಸಲ್ಲ" ಎಂದೆ.

"ಬಾಣಂತಿನ ನೋಡಿದ್ಹಂಗ ನೋಡಬೇಕ್ರಿ ಇದನ್ನ. ತಲಿ ಬೆಚ್ಚಗಿರಬೇಕು, ಮೈ ಒಣಗಿರಬೇಕು, ಬಿಸಿಲು ಬಂದಾಗ ಸ್ವಲ್ಪ ಹೊತ್ತು ಬಿಚ್ಚಬೇಕು. ಇಷ್ಟ ತಿಳೀದಿದ್ರ ಹೆಂಗ್ರೀ?"

ಟೇಪ್ ಕತ್ತರಿಸಿ ಬಿಚ್ಚಿದೆವು. ಹೊರಗಿನ ಎರಡು ಎಲೆ ಕಪ್ಪಾಗಿ ಮುಗ್ಗಲು ವಾಸನೆ ಹೊಡೆಯುತ್ತಿದ್ದವು. ಮೇಲಿನ ಕಿಟಕಿಯಲ್ಲಿ ಫ್ರೌ ಲೆಹ್ನರ್ ನಿಂತಿದ್ದರು. ಕೈ ಬೀಸಿದೆ. ಅವರೂ ಬೀಸಿದರು, ಆದರೆ ನಗಲಿಲ್ಲ.

ಗಿರಿಜಾ ಒಳಗೆ ಹೋಗಿ ತನ್ನ ಕೌದಿ ತಂದಳು. ಈ ಕೌದಿಯದೊಂದು ಕತೆ ಇದೆ. ಅವಳ ಅವ್ವ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ, ನಾಲ್ಕು ತಿಂಗಳು ಕುಳಿತು ಕೈಯಿಂದ ಹೊಲಿದದ್ದು. ವಿಮಾನಕ್ಕೆ ಸಾಮಾನು ಕಟ್ಟುವಾಗ ಅದನ್ನು ನಾನು ಮೂರು ಸಲ ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದೆ, ಅವಳು ನಾಲ್ಕು ಸಲ ಒಳಗಿಟ್ಟಿದ್ದಳು. "ಜರ್ಮನಿಯಲ್ಲಿ ಹೊದಿಕೆ ಸಿಗೋದಿಲ್ವಾ?" ಎಂದು ವಿಮಾನ ನಿಲ್ದಾಣದವರೆಗೂ ಜಗಳಾಡಿದ್ದೆ. ಅಲ್ಲಿಂದೀಚೆಗೆ ತವರಿನ ನೆನಪು ಹೆಚ್ಚಾದ ದಿನ ಅವಳು ಅದನ್ನು ಹೊದ್ದು ಮಲಗುವುದನ್ನು ನೋಡಿದ್ದೆ. ಆ ಕೌದಿಯನ್ನು ಅವಳು ಒಂದು ಕ್ಷಣ ಎದೆಗೆ ಹಿಡಿದುಕೊಂಡು, ಆಮೇಲೆ ಮರಕ್ಕೆ ಸುತ್ತಿದಳು. "ಬೇಡ ಬಿಡೇ, ಹಾಳಾಗುತ್ತೆ" ಎಂದೆ. "ಆ ಮುದುಕಿ ಗಂಡ ಸಾಕಿದ ಮರಾರೀ ಇದು" ಎಂದಷ್ಟೇ ಹೇಳಿದಳು. ನಾನು ನಾಚಿಕೆಯಿಂದ ಹಗ್ಗ ಹಿಡಿದುಕೊಂಡೆ. ಮರ ಕೊಳೆತರೆ ನನ್ನ ಜಂಬವಷ್ಟೇ ಅಲ್ಲ, ಮೇಲಿನ ಮನೆಯ ಇಷ್ಟು ವರ್ಷದ ಸಂಸಾರವೂ ಕೊಳೆಯುತ್ತದೆ ಎನ್ನುವುದು ಆಗ ನನ್ನ ತಲೆಗೆ ಹೋಯಿತು.

ತುದಿಗೆ ಕುಂಚಿಗೆ. ಕೂಸುಗಳಿಗೆ ತಲೆ, ಕಿವಿ, ಬೆನ್ನು ಎಲ್ಲ ಮುಚ್ಚುವ ಹಾಗೆ ಹೊಲಿಯುತ್ತಾರಲ್ಲ, ಅದು. ನಮ್ಮ ಮಗಳ ಹಳೆಯ ಕುಂಚಿಗೆಯನ್ನು ಮುಂದಿಟ್ಟುಕೊಂಡು, ಅದೇ ಅಳತೆಯನ್ನು ಹತ್ತು ಪಟ್ಟು ಹಿಗ್ಗಿಸಿ, ಗಿರಿಜಾ ಹತ್ತಿ ಸೀರೆಯಲ್ಲಿ ಒಂದನ್ನು ಹೊಲಿದಳು. ಹಿಮ ಸುರಿದು ಒದ್ದೆಯಾಗದಿರಲೆಂದು ಅದರ ಮೇಲೊಂದು ಹಳೆಯ ಕೊಡೆ. ನೋಡುತ್ತಾ ನಿಂತಿದ್ದ ಹೆರ್ ಬ್ರಾಂಡ್ಲ್, ಏನನ್ನಿಸಿತೋ, ತಮ್ಮ ಶೆಡ್ಡಿನಿಂದ ಜೊಂಡಿನ ಚಾಪೆಯೊಂದನ್ನು ತಂದು ಬೇಲಿಯ ಮೇಲಿಂದ ದಾಟಿಸಿದರು. ಕೌದಿಯ ಹೊರಗೆ ಅದನ್ನು ಸುತ್ತಿದೆವು. "ಆದರೂ ಇದು ಉಳಿಯೋದಿಲ್ಲ" ಎಂದು ಹೇಳುವುದನ್ನು ಅವರು ಮರೆಯಲಿಲ್ಲ.

ಜನವರಿಯಲ್ಲಿ ಹೆರ್ ಬ್ರಾಂಡ್ಲ್ ಅವರ ಥರ್ಮಾಮೀಟರು ಮೈನಸ್ ಹದಿನೆಂಟಕ್ಕೆ ಇಳಿಯಿತು. ಸರಿಯಾಗಿ ಅದೇ ವಾರ ನನ್ನನ್ನು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್ ಆಫೀಸಿಗೆ ಕಳಿಸಿದರು. ಶುಕ್ರವಾರ ಸಾಫ್ಟ್‌ವೇರ್ ಬಿಡುಗಡೆ, ವಾರವಿಡೀ ಅಲ್ಲೇ ವಾಸ. ಬೆಚ್ಚನೆಯ ಕೋಣೆಯಲ್ಲಿ ಕುಳಿತು ಎರಡು ಗಂಟೆಗೊಮ್ಮೆ ಮನೆಗೆ ಫೋನ್ ಮಾಡುತ್ತಿದ್ದೆ. "ಬಿಸಿಲು ಬಂತಾ? ಬಿಚ್ಚಿದ್ಯಾ? ತಲೆ ಮುಚ್ಚಿದ್ಯಾ? ಒಳಗೆ ಒಣಗಿದೆಯಾ?" ಪಕ್ಕದಲ್ಲಿ ಕೂರುತ್ತಿದ್ದ ಬೆಂಗಳೂರಿನ ಹುಡುಗ ನವೀನ ಮೂರನೆಯ ದಿನ ನನ್ನ ಭುಜ ಮುಟ್ಟಿ, "ಗುರು, ಮನೇಲಿ ಬಾಣಂತೀನಾ? ಹೇಳೋದಲ್ವಾ, ಮ್ಯಾನೇಜರ್ ಹತ್ರ ನಾನ್ ಮಾತಾಡ್ತೀನಿ, ನೀನ್ ಮನೆಗೆ ಹೋಗು" ಎಂದ. ಮರ ಎಂದೆ. ಅವನು ನನ್ನ ಕುರ್ಚಿಯನ್ನು ಹಿಂದಕ್ಕೆಳೆದು, "ಟೀ ಕುಡಿಯೋಣ ಬಾ" ಎಂದ. ಅತ್ತ ಗಿರಿಜಾ ದಿನವೂ ಮಧ್ಯಾಹ್ನ ಏಣಿ ಹತ್ತಿ ಕುಂಚಿಗೆ ಬಿಚ್ಚಿ, ಮೂರಕ್ಕೆ ಮತ್ತೆ ಹತ್ತಿ ಕಟ್ಟುತ್ತಿದ್ದಳು. ಕೆಳಗೆ ಏಣಿ ಹಿಡಿದುಕೊಳ್ಳುತ್ತಿದ್ದವರು ಫ್ರೌ ಲೆಹ್ನರ್. ಇವಳಿಗೆ ಜರ್ಮನ್ ಹತ್ತು ಮಾತು, ಅವರಿಗೆ ಕನ್ನಡ ಒಂದೂ ಇಲ್ಲ. ಆದರೂ ಇಬ್ಬರೂ ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ, ನನಗೆ ಇಂದಿಗೂ ಗೊತ್ತಾಗಿಲ್ಲ.

ಏಪ್ರಿಲ್ ಬಂತು. ಮುಸುಕು ತೆಗೆಯುವ ದಿನ ಫ್ರೌ ಲೆಹ್ನರ್ ಸೇಬಿನ ಕೇಕ್ ಮಾಡಿದ್ದರು. ಹೆರ್ ಬ್ರಾಂಡ್ಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೇಲಿಯ ಈಚೆಗೇ ಬಂದಿದ್ದರು. ಚಾಪೆ ತೆಗೆದೆವು, ಕೌದಿ ತೆಗೆದೆವು, ಎಲೆಗಳನ್ನು ಬಿಚ್ಚಿ ಇಳಿಬಿಟ್ಟೆವು. ಕೆಲವು ಕಂದಾಗಿದ್ದವು, ಕೆಲವು ಹಸಿರಾಗಿದ್ದವು. ಅದರಿಂದ ಏನೂ ಹೇಳುವಂತಿರಲಿಲ್ಲ. ಸುಳಿಯನ್ನೇ ಕೇಳಬೇಕು. ತಿಪಟೂರಿನ ಪ್ರತಿನಿಧಿಯಾಗಿ ನಾನೇ ಏಣಿ ಹತ್ತಿದೆ. ನಡುವಿನ ಎಳೆಯ ಗರಿಯನ್ನು ಹಿಡಿದೆ. ಎಳೆದೆ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಎಳೆದೆ. ಮರ ನನ್ನನ್ನೇ ತನ್ನ ಕಡೆಗೆ ಎಳೆದುಕೊಂಡಿತು. "ಗಟ್ಟಿ ಇದೆ!" ಎಂದು ಕನ್ನಡದಲ್ಲೇ ಕೂಗಿದೆ. ಯಾರೂ ಅನುವಾದ ಕೇಳಲಿಲ್ಲ.

ಆ ಗಳಿಗೆಯಷ್ಟು ಹೆಮ್ಮೆ ನನಗೆ ಗ್ರೀನ್ ಕಾರ್ಡ್ ಕೈಗೆ ಬಂದ ದಿನವೂ ಆಗಿರಲಿಲ್ಲ. ಏಣಿಯ ಮೇಲೆಯೇ ನಿಂತು ಕಲ್ಪತರು ನಾಡಿನ ತೆಂಗಿನ ಪರಂಪರೆಯ ಬಗ್ಗೆ ಜರ್ಮನ್‌ನಲ್ಲಿ ಒಂದು ಭಾಷಣ ಮಾಡಿದೆ. ಭಾಷಣ ಮುಗಿಸಿ ಕೆಳಗೆ ನೋಡಿದರೆ ಕೇಳುವವರು ಯಾರೂ ಇರಲಿಲ್ಲ. ಫ್ರೌ ಲೆಹ್ನರ್ ಗಿರಿಜಾಳನ್ನು ತಬ್ಬಿಕೊಂಡು ಅಳುತ್ತಿದ್ದರು. ಇವಳೂ ಅಳುತ್ತಿದ್ದಳು. ಹೆರ್ ಬ್ರಾಂಡ್ಲ್ ಕೌದಿಯ ಹೊಲಿಗೆಯನ್ನು ಬೆರಳಿನಿಂದ ಸವರುತ್ತಾ, "ಈ ಹೊದಿಕೆ ಯಾವ ಅಂಗಡಿಯಲ್ಲಿ ಸಿಗುತ್ತದೆ?" ಎಂದು ನನ್ನನ್ನು ಕೇಳಿದರು. ಬಿಜಾಪುರ ಎಂದು ಹೇಳದೆ ವಿಧಿಯಿರಲಿಲ್ಲ. ಕೌದಿಗೆ ಅಲ್ಲಲ್ಲಿ ಕಲೆಯಾಗಿತ್ತು, ಹಾಳಾಗಿರಲಿಲ್ಲ. ಫ್ರೌ ಲೆಹ್ನರ್ ಅದನ್ನು ತಾವೇ ಕೈಯಲ್ಲಿ ಒಗೆದು, ಒಣಗಿಸಿ, ಮಡಿಸಿ ತಂದುಕೊಟ್ಟರು. ಮಡಿಕೆಯೊಳಗೆ ಜೆಪ್ ಅವರ ತೋಟದ ಶೆಡ್ಡಿನ ಬೀಗದ ಕೈ ಇತ್ತು.

ಇದೆಲ್ಲ ಆದ ಮೇಲೂ ಆಫೀಸಿನಲ್ಲಿ, ಮ್ಯೂನಿಕ್‌ನ ಯುಗಾದಿ ಊಟದಲ್ಲಿ, ಫೋನಿನಲ್ಲಿ ನಂಜುಂಡಪ್ಪ ಮಾವನ ಹತ್ತಿರ, ಮೈನಸ್ ಹದಿನೆಂಟರಲ್ಲಿ ತಾಳೆ ಉಳಿಸಿದ ಕತೆಯನ್ನು ನಾನು ಎದೆಯುಬ್ಬಿಸಿ ಹೇಳುತ್ತಾ ಬಂದೆ. ಮಾವ, "ಉಪ್ಪು ಹಾಕಿದ್ಕೇ ಉಳೀತು ಕಣ್ಲಾ" ಎಂದರು. ನಾನು ತಿದ್ದಲಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಫ್ರೌ ಲೆಹ್ನರ್. ಚಳಿ ಶುರುವಾಯಿತಲ್ಲ, ನಿಮ್ಮ ಹೆಂಡತಿ ಇದ್ದಾರೆಯೇ ಎಂದು ಕೇಳಿದರು. ಅಂಗಡಿಗೆ ಹೋಗಿದ್ದಾಳೆ, ಮರದ ವಿಷಯವಾದರೆ ನಾನೇ ಇದ್ದೇನಲ್ಲ ಎಂದು ಅಂಗಿಯ ತೋಳು ಮಡಿಸಿದೆ. ಅವರು ಗಾಬರಿಯಿಂದ ಎರಡೂ ಕೈ ಎತ್ತಿ, ನಮ್ಮ ಅಡುಗೆಮನೆಯ ಕಡೆ, ಉಪ್ಪಿನ ಡಬ್ಬಿ ಇರುವ ದಿಕ್ಕಿಗೆ ಒಮ್ಮೆ ನೋಡಿ, "ಬೇಡ ಬೇಡ, ಹೆರ್ ಮೂರ್ತಿ, ಅವರು ಬರಲಿ. ನೀವು ಏಣಿ ಹಿಡಿದುಕೊಂಡರೆ ಸಾಕು" ಎಂದರು.

ಹಿಡಿದುಕೊಂಡೆ. ಆ ವರ್ಷವೂ, ಅದರ ಮುಂದಿನ ವರ್ಷವೂ. ಮೇಲೆ ಬಿಜಾಪುರದವಳು ಕುಂಚಿಗೆ ಕಟ್ಟುತ್ತಿದ್ದರೆ ಕೆಳಗೆ ಏಣಿ ಒಂದಿಷ್ಟೂ ಅಲುಗದ ಹಾಗೆ ನಿಂತಿರುತ್ತಿದ್ದೆ. ಎಷ್ಟೆಂದರೂ ತಿಪಟೂರಿನವನು, ಮರದ ನೆರಳಲ್ಲಿ ನಿಲ್ಲುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.