ಕಾಗಿ ಮುಟ್ಟಿದ ಬಾತ್ಮಿ

ಪೇಪರಿಗೆ ಬರಿಯಾವನ ಹಣೇಬರಹಾನ ಹಿಂಗ. ಊರಿನ ಸುದ್ದಿ ಬರೀತೀನಿ ಅಂತ ಹೊಂಟವ, ಕಡೀಕೆ ತಾನ ಊರಿಗೆ ಸುದ್ದಿ ಆಗಿ ಕೂಡ್ತಾನ. ನನಗಂತೂ ಇದು ಒಮ್ಮೆ ಆಗಿ ಬಿಡಲಿಲ್ಲ. ನೆನಪಾದಷ್ಟು ಹೇಳ್ತೀನಿ, ನಗೂದು ಬಿಡೂದು ನಿಮಗ ಬಿಟ್ಟಿದ್ದು.

೧. ನಮ್ಮ ಕಾಲೇಜು

ಈಗಿನ ಹುಡುಗರು ಪತ್ರಿಕೋದ್ಯಮ ಕಲಿಯಾಕ ಕಾಲೇಜಿಗೆ ಹೋಗ್ತಾರ. ನಮ್ಮ ಕಾಲೇಜು ಗದಗಿನಾಗಿತ್ತು. ಒಂದು ಹತ್ತಿ ಅಂಗಡಿ ಹಿಂದ ತಗಡಿನ ಮಾಡು, ಅದರ ಕೆಳಗ ಒಂದು ಅಚ್ಚಿನ ಯಂತ್ರ, ಒಂದು ಮುರುಕು ಬೆಂಚು, ಒಬ್ಬರು ಸಂಪಾದಕರು. ವಾರಕ್ಕೊಮ್ಮೆ ಹೊಂಡೂ ಕನ್ನಡ ಪತ್ರಿಕೆ. ಪ್ರಿನ್ಸಿಪಾಲರು, ಮಾಸ್ತರು, ಗಂಟಿ ಹೊಡಿಯಾವರು ಎಲ್ಲಾ ಅವರ.

ನಮ್ಮ ಕೊಪ್ಪಳ ಆಗ ನಿಜಾಮರ ರಾಜ್ಯದಾಗ, ಗದಗ ಇಂಗ್ರೇಜರ ಕಡೆ. ನಾ ರೈಲು ಹತ್ತಿ ಸರಹದ್ದು ದಾಟಿ ಹೋಗಿ ಪಾಠ ಹೇಳಿಸಿಕೊಂಡು ಬರಬೇಕು. ಬಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ತಿರುಗಾಡಿ ಸುದ್ದಿ ಕಳಸಬೇಕು. ಸುದ್ದಿಗೆ ಆಗ ಬಾತ್ಮಿ ಅಂತಿದ್ರು, ನನ್ನಂಥವಗ ಬಾತ್ಮೀದಾರ. ಸಂಪಾದಕರ ಪಾಠ ಒಂದ: "ಯಾರು, ಏನು, ಎಲ್ಲಿ, ಯಾವಾಗ, ಯಾಕ. ಇವಕ್ಕ ಉತ್ತರ ಸಿಗೂತನಕ ಕುಂತ ಜಾಗಾ ಬಿಟ್ಟು ಏಳಬ್ಯಾಡ."

ನಮ್ಮಪ್ಪಗ ಕೊಪ್ಪಳದ ಪ್ಯಾಟ್ಯಾಗ ಜವಳಿ ಅಂಗಡಿ. ಅವರು ಮಾತಾಡೂದ ಕಡಿಮಿ, ಆಡಿದ್ರ ಗದರಿಸೂ ಮಾತ. ನಾ ಅಂಗಡಿ ನೋಡ್ಕೊಂಡು ಹೋಗಬೇಕು ಅನ್ನೂದು ಅವರ ಆಸೆ. ನನಗ ಬರಿಯೂದು ಬಿಟ್ರ ಬ್ಯಾರೆ ಯಾವುದರಾಗೂ ಜೀವ ಇರಲಿಲ್ಲ. ಕಡೀಕೆ ಒಂದು ಕರಾರು ಹಾಕಿದ್ರು.

"ದೀಪಾವಳಿ ಪಾಡ್ಯದ ತನಕ ನೋಡ್ತೀನಿ. ಅಷ್ಟ್ರಾಗ ನೀ ಬರದಿದ್ದಕ್ಕ ಒಬ್ಬನರ ತಕರಾರು ತಗೊಂಡು ನನ್ನ ಅಂಗಡಿ ಮೆಟ್ಟಲ ಹತ್ತಿದ್ರ, ಪೆನ್ನು ಮುಚ್ಚಿಟ್ಟು ಗಾದಿ ಮ್ಯಾಲ ಬಂದು ಕೂಡಬೇಕು. ತಿಳೀತಿಲ್ಲೋ?"

ನಾ ಹೂಂ ಅಂದೆ. ಅವ್ವ ಒಳಗಿಂದನ ಕೇಳಿದ್ಲು, "ಹಂಗಾರ ಗಾದಿಗೆ ಹೊಸಾ ಅರಿವಿ ಹೊಲಸ್ಲೇನ್ರೀ?" ಮಗನ ಮ್ಯಾಲ ಆಕಿಗಿದ್ದ ಭರೋಸಾ ಅಷ್ಟು.

೨. ಎಮ್ಮಿಯ ಹುಕುಂ

ನಮ್ಮೂರಾಗ ಸುದ್ದಿ ಅಂದ್ರ ಡಂಗುರ. ಕಚೇರಿಯಿಂದ ಏನರ ಹುಕುಂ ಬಂದ್ರ ಒಬ್ಬ ಅಜ್ಜ ಹಲಗಿ ಬಾರಿಸ್ಕೋತ ಓಣಿ ಓಣಿ ಸಾರತಿದ್ದ. ನಾ ಪೇಪರ ಹಂಚಾಕ ಹತ್ತಿದ ಮ್ಯಾಲ ಅಂವ ಮಾರಿ ಸಣ್ಣದು ಮಾಡ್ಕೊಂಡು ನನ್ನ ಹಂತ್ಯಾಕ ಬಂದ.

"ತಮ್ಮಾ, ಇನ್ನ ಮುಂದ ನನ್ನ ಹಲಗಿ ಯಾರು ಕೇಳ್ತಾರೋ?"

ನೋಡಿ ಪಾಪ ಅನಿಸ್ತು. "ಅಜ್ಜಾ, ಪೇಪರ ಬಂದ ಕೂಡಲೆ ನಿನಗ ಓದಿ ಹೇಳ್ತೀನಿ. ಇಬ್ಬರೂ ಕೂಡೇ ಸುದ್ದಿ ಹೇಳೂಣಂತ," ಅಂದೆ. ಅಜ್ಜ ಖುಷಿಯಾದ. ಆ ವಾರದ ಪೇಪರ ಪೂರಾ ಕೇಳಿಸ್ಕೊಂಡು ಹೋದ.

ಮರುದಿನ ಪ್ಯಾಟ್ಯಾಗ ಹಲಗಿ ಸಪ್ಪಳ. "ಕೇಳ್ರಪೋ ಕೇಳ್ರಿ, ಸರಕಾರದ ಹುಕುಂ. ಎಲ್ಲಾರೂ ತಮ್ಮ ತಮ್ಮ ಮನಿ ಮುಂದಿನ ಗಟಾರ ಸ್ವಚ್ಛ ಮಾಡ್ಕೊಬೇಕು. ಹುಬ್ಬಳ್ಯಾಗ ಗಿರಣಿಯವರು ಕೆಲಸ ಬಿಟ್ಟು ಕುಂತಾರ. ಬಳ್ಳಾರ್ಯಾಗ ಒಂದು ಎಮ್ಮಿ ಅವಳಿ ಕರ ಹಾಕೇತಿ."

ಎಲ್ಲಿ ಹುಕುಂ ಮುಗೀತು, ಎಲ್ಲಿ ಪೇಪರ ಚಾಲೂ ಆತು ಅಂತ ಅಜ್ಜ ಹೇಳಲಿಲ್ಲ, ಊರವರು ಕೇಳಲಿಲ್ಲ. ಸರಕಾರದ ಮಾತು ಅಂದ ಮ್ಯಾಲ ಕೇಳಬೇಕಲ್ಲ. ಗಟಾರ ಸ್ವಚ್ಛ ಮಾಡೂ ತ್ರಾಸು ಯಾರೂ ತಗೊಳ್ಳಲಿಲ್ಲ. ಕೆಲಸ ಬಿಟ್ಟು ಕೂಡೂದನ್ನ ಮಾತ್ರ ಎಲ್ಲಾರೂ ಛಲೋ ಪಾಲಿಸಿದ್ರು.

ಸಂಜಿಕಡೆ ನಮ್ಮ ಓಣಿ ಮುದುಕಿ ಒಬ್ಬಾಕಿ ಅಪ್ಪನ ಅಂಗಡಿ ಮೆಟ್ಟಲ ಹತ್ತಿದ್ಲು. ಮುಗೀತು ನನ್ನ ಕರಾರು ಅಂದ್ಕೊಂಡೆ. ಆಕಿ ಕೈ ಮುಗದು ಕೇಳಿದ್ಲು, "ಸಾವಕಾರ್ರ, ನಮ್ಮ ಎಮ್ಮಿ ಒಂದ ಕರ ಹಾಕೇತ್ರಿ. ದಂಡ ಕಟ್ಟಬೇಕೇನ್ರಿ?"

೩. ಹೆಸರು ಹೇಳಬಾರದವರು

ಹೇಮಗುಡ್ಡದ ಕೆಳಗ ಒಂದು ಹಳ್ಳ್ಯಾಗ ಒಬ್ಬ ರೈತ ಬರೇ ಬಡಿಗಿ ಹಿಡದು ಚಿರತಿ ಓಡಿಸ್ಯಾನ ಅಂತ ಸುದ್ದಿ ಬಂತು. ನಾ ಗಂಗಾವತಿಗೆ ಹೋಗಿ, ಅಲ್ಲಿಂದ ಚಕ್ಕಡಿ ಹತ್ತಿ, ಮೈಯೆಲ್ಲಾ ಧೂಳ ಮಾಡ್ಕೊಂಡು ಆ ಮನಿ ಮುಟ್ಟಿದೆ. ಗಂಡ ಹೊಲಕ್ಕ ಹೋಗಿದ್ದ, ಹೆಂಡತಿ ಜ್ವಾಳಾ ಹಸನ ಮಾಡ್ಕೋತ ಕುಂತಿದ್ಲು. ಚಿರತಿ ಎಲ್ಲಿಂದ ಬಂತು, ಯಾವಾಗ ಬಂತು, ಯಾಕ ಬಂತು ಎಲ್ಲಾ ಹೇಳಿದ್ಲು. ಉಳದಿದ್ದು ಒಂದ.

"ಯಜಮಾನರ ಹೆಸರೇನವ್ವಾ?"

ಆಕಿ ಸೆರಗು ಬಾಯಿಗೆ ಅಡ್ಡ ಹಿಡದ್ಲು. "ಅವರ ಹೆಸರು ನಾ ಹೆಂಗ ಹೇಳ್ಲಿ ಯಪ್ಪಾ?"

ಖರೆ, ಗಂಡನ ಹೆಸರು ಹೆಂಡತಿ ಹೇಳಬಾರದು. ಬಾಜೂಮನಿ ಹೆಣ್ಮಗಳಿಗೆ ಕೇಳಿದೆ. "ನಮ್ಮ ಮಾವನೋರ ಹೆಸರೂ ಅದ ಐತ್ರಿ, ನಾನೂ ಹೇಳಾಂಗಿಲ್ಲ," ಅಂದ್ಲು. ಅದರ ಬಾಜೂಮನ್ಯಾಕಿ, "ನಮ್ಮ ಮನ್ಯಾಗ ಭಾವನೋರ ಹೆಸರ್ರೀ," ಅಂದ್ಲು. ಊರ ದೇವರ ಹೆಸರನ್ನ ಮನಿಗೊಬ್ಬರಿಗೆ ಇಟ್ಟಿದ್ರು. ಗಂಡಸರೆಲ್ಲಾ ಹೊಲದಾಗ. ತಿರುಗಿ ಹೋಗೂ ಚಕ್ಕಡಿಯವ ಹೊಂಡಾಕ ಗಡಿಬಿಡಿ ಮಾಡಾಕ ಹತ್ತಿದ್ದ.

ಕಡೀಕೆ ನಾ ಇದ್ದದ್ದು ಇದ್ದಾಂಗ ಬರದು ಕಳಿಸಿದೆ: "ಹೆಸರು ಹೇಳಬಾರದ ಒಬ್ಬರು ಈ ಸಾಹಸ ಮಾಡಿದ್ದಾರೆ." ಅವು ನಿಜಾಮರ ವಿರುದ್ಧ ಚಳವಳಿ ನಡದ ದಿನಗಳು. ಇದನ್ನ ಓದಿದ ಪೊಲೀಸ ಅಮೀನಗ, ಇಂವ ಯಾರೋ ತಲಿ ತಪ್ಪಿಸ್ಕೊಂಡ ಚಳವಳಿಯವ ಇರಬೇಕು ಅಂತ ಅನುಮಾನ ಬಂತು. ಇಬ್ಬರು ಜವಾನರನ್ನ ಕರ್ಕೊಂಡು ಆ ಹಳ್ಳಿಗೆ ಹೋದ.

ಆಮ್ಯಾಲ ಅಂವ ಅಪ್ಪನ ಅಂಗಡಿಗೂ ಬಂದ. ಅಪ್ಪ ಗಾದಿ ಬಿಟ್ಟು ಎದ್ದು ನಿಂತ್ರು. ಅಮೀನ ಟೊಪಿಗಿ ತಗದು ಬೆವರು ಒರಸ್ಕೊಂಡ.

"ನಿಮ್ಮ ಮಗನ ಮ್ಯಾಲ ಏನೂ ತಕರಾರಿಲ್ಲ, ಸಾವಕಾರ್ರ. ಕಳ್ಳರ ಬಾಯಿ ಬಿಡಸೀನಿ, ದರೋಡಿಕೋರರ ಬಾಯಿ ಬಿಡಸೀನಿ. ಆ ಹಳ್ಳಿ ಹೆಣ್ಮಕ್ಕಳ ಬಾಯಿ ಬಿಡಸೂದು ನನ್ನ ಕೈಲಿಂದ ಆಗಲಿಲ್ಲ. ನಾನೂ ಮ್ಯಾಲಿನವರಿಗೆ ಹೆಸರು ಹೇಳಬಾರದ ಒಬ್ಬರು ಅಂತನ ಬರದು ಕಳಸೀನಿ."

೪. ಸರಸ್ವತಿ

ಸಿದ್ದಾಪುರದಾಗ ಒಬ್ಬ ಗೌಡರು ನಮ್ಮ ಚಂದಾದಾರರು. ಪೇಪರ ಹೆಂಗ ಐತಿ ಅಂತ ಕೇಳಾಕ ಅವರ ಮನಿಗೆ ಹೋದೆ. ಸೀದಾ ದೇವರ ಮನಿಗೆ ಕರ್ಕೊಂಡು ಹೋದ್ರು. ಅಲ್ಲಿ ಕಟ್ಟಿಗಿ ಮಣಿ ಮ್ಯಾಲ ನಮ್ಮ ಪೇಪರು ಹಚ್ಚಿದ ಮಡಿಕಿ ಬಿಚ್ಚದ ಕುಂತಿದ್ದವು. ಎಲ್ಲಾದಕ್ಕೂ ಅರಿಷಿಣ ಕುಂಕುಮ, ಮ್ಯಾಲೊಂದು ಹೂವು.

"ಗೌಡ್ರ, ಓದೇ ಇಲ್ಲಲ್ಲರೀ," ಅಂದೆ.

"ಅಕ್ಷರ ಅಂದ್ರ ಸರಸ್ವತಿ. ಓದಿದ್ರ ನಾಳೆ ಹಳೇದಾಗ್ತೈತಿ. ಪೂಜಾ ಮಾಡಿದ್ರ ಯಾವಾಗ್ಲೂ ಹೊಸಾದು," ಅಂದ್ರು.

ಸಂಪಾದಕರು ಸಿಟ್ಟಾಗ್ತಾರ ಅಂತ ಅಂಜಿಕೋತ ಹೋಗಿ ಹೇಳಿದೆ. ಅವರು ಚಶ್ಮಾ ತಗದು ಕಣ್ಣು ಒರಸ್ಕೊಂಡ್ರು. "ನಮ್ಮ ಪೇಪರಿನಾಗ ತಪ್ಪು ಹುಡುಕದ ಮನಿ ಅದೊಂದ ಐತೋ. ಅವರಿಗೆ ಇನ್ನೊಂದು ಪ್ರತಿ ಪುಗಸೆಟ್ಟೆ ಕಳಸು."

೫. ಕಾಗಿ

ಪಾಡ್ಯ ಹತ್ತರ ಬಂದಿತ್ತು. ಇನ್ನೇನು ಗೆದ್ದೆ ಅಂದ್ಕೊಂಡಿದ್ದೆ.

ಕುಷ್ಟಗಿಯಾಗ ಒಬ್ಬ ದೊಡ್ಡ ಸಾವಕಾರ್ರು. ನಾಕೂ ತಾಲೂಕಿನಾಗ ಅವರನ್ನ ಅರಿಯದವರಿಲ್ಲ, ಅವರ ಕಡೆ ಬೈಸಿಕೊಳ್ಳದವರೂ ಇಲ್ಲ. ಬಾಯಿ ಅಷ್ಟು ಜೋರು. ಅವರ ಮಗಳನ್ನ ನಮ್ಮ ಬಾಜೂಮನಿಗೆ ಕೊಟ್ಟಿದ್ರು, ಹಿಂಗಾಗಿ ನಮ್ಮ ಮನಿ ಕರಾರು ಅವರಿಗೂ ಗೊತ್ತಿತ್ತು. ಒಂದು ಮುಂಜಾನೆ ಆ ಮನ್ಯಾಗ ಒಮ್ಮೆಲೆ ಅಳೂ ಸಪ್ಪಳ ಎದ್ದಿತು. ಓಡಿ ಹೋದೆ. ಕುಷ್ಟಗಿಯಿಂದ ಬಂದ ಆಳು ಮಾರಿ ಕೆಳಗ ಹಾಕಿ ನಿಂತಿದ್ದ. "ಸಾವಕಾರ್ರು ಹೋಗಿಬಿಟ್ರು," ಅಂದ.

ನಾ ಸಂಪಾದಕರು ಕಲಿಸಿದಂಗ ಐದೂ ಪ್ರಶ್ನೆ ಕೇಳಿದೆ, ಅಂವ ಐದಕ್ಕೂ ಉತ್ತರ ಕೊಟ್ಟ. ರೈಲು ಹತ್ತಿ ಗದಗಿಗೆ ಹೋದೆ. ಅವತ್ತ ಪೇಪರ ಅಚ್ಚಿಗೆ ಹೋಗೂದಿತ್ತು. ಮೊದಲನೇ ಪುಟದಾಗ ಕರಿ ಗೆರಿ ಹಾಕಿ ನನ್ನ ಬಾತ್ಮಿ ಕೂಡಿಸಿದ್ರು. "ಇವತ್ತ ನೀ ಬಾತ್ಮೀದಾರ ಆದಿ," ಅಂತ ಸಂಪಾದಕರು ನನ್ನ ಬೆನ್ನು ಚಪ್ಪರಿಸಿದ್ರು.

ಪೇಪರಿನ ಕಟ್ಟು ತಗೊಂಡು ಮರುದಿನ ಕೊಪ್ಪಳಕ್ಕ ಬಂದೆ, ಹಂಚಿದೆ, ಬ್ಯಾರೆ ಊರಿಗೂ ಕಳಿಸಿದೆ. ಆಮ್ಯಾಲ ಮನಿಗೆ ಬಂದು ನೋಡ್ತೀನಿ, ಬಾಜೂಮನ್ಯಾಗ ಹೋಳಿಗಿ ವಾಸನಿ.

"ಅವ್ವಾ, ಸೂತಕದ ಮನ್ಯಾಗ ಹೋಳಿಗಿ ಯಾಕ?"

"ಎಲ್ಲೀ ಸೂತಕೋ? ಸಾವಕಾರ್ರ ತಲಿಗೆ ಕಾಗಿ ಬಡದಿತ್ತಂತ. ನಿನ್ನೆ ಸಂಜಿಕ ಎರಡನೇ ಆಳು ಬಂದು ಹೇಳಿ ಹೋದ."

ಕಾಗಿ ತಲಿ ಮುಟ್ಟಿದ್ರ ಜೀವಕ್ಕ ಗಂಡಾಂತರ ಅಂತಾರ. ಅದನ್ನ ಕಳಿಯಾಕ ಬೀಗರ ಮನಿಗೆ ಸತ್ರು ಅಂತ ಸುಳ್ಳ ಸುದ್ದಿ ಕಳಸಬೇಕು. ಅವರು ಖರೇನ ಅಳಬೇಕು. ಕಣ್ಣೀರಿನಾಗ ದೋಷ ತೊಳಕೊಂಡು ಹೋದ ಮ್ಯಾಲ ಇನ್ನೊಬ್ಬ ಬಂದು ಸುಳ್ಳು ಅಂತ ಹೇಳ್ತಾನ. ಇದು ನನಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಆದ್ರ ಮಗಳು ಎದಿ ಎದಿ ಬಡಕೊಂಡು ಅಳೂ ಮುಂದ, "ಅಕ್ಕಾರ, ಏನರ ಕಾಗಿ ಗೀಗಿ ಬಡದಿತ್ತೇನು?" ಅಂತ ಹೆಂಗ ಕೇಳ್ಲಿ?

ಅತ್ತಾಗ ಪೇಪರ ತನ್ನ ಕೆಲಸ ಮಾಡಿತ್ತು. ಯಲಬುರ್ಗಾದಾಗ ಅಂಗಡಿ ಮುಚ್ಚಿದ್ರು. ಹನುಮಸಾಗರದಾಗಿನ ಸಾವಕಾರ್ರ ಇನ್ನೊಬ್ಬ ಬೀಗರು ತಲಿ ಮ್ಯಾಲ ನೀರು ಹಾಕ್ಕೊಂಡು, ಹಾರ ತಗೊಂಡು ಚಕ್ಕಡಿ ಕಟ್ಟಿದ್ರು. ಕುಷ್ಟಗಿ ಮುಟ್ಟಿದ್ರ, ಸಾವಕಾರ್ರು ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೊಳ್ಳಾಕ ಹತ್ತಿದ್ರು.

"ಬರ್ರಿ ಬರ್ರಿ. ಹಾರ ತಗೊಂಡು ಹೊಂಟೀರಲ್ಲ, ಯಾರು ಹೋಗ್ಯಾರ?"

"ನೀವ್ರಿ," ಅಂದ್ರಂತ ಬೀಗರು.

ಪಾಡ್ಯದ ಹಿಂದಿನ ದಿನ ಸಾವಕಾರ್ರ ಚಕ್ಕಡಿ ಅಪ್ಪನ ಅಂಗಡಿ ಮುಂದ ಬಂದು ನಿಂತಿತು. ಕೈಯಾಗ ಪೇಪರ. ಅಪ್ಪ ನನ್ನ ಮಾರಿ ನೋಡಿದ್ರು, ಬಾಜೂಕ ಸರದು ಗಾದಿ ಮ್ಯಾಲ ನನಗ ಜಾಗಾ ಮಾಡಿದ್ರು. ಅಲ್ಲಿಗೆ ನನ್ನ ಕಥಿ ಮುಗೀತು ಅನಿಸ್ತು.

"ಓದು," ಅಂದ್ರು ಸಾವಕಾರ್ರು.

ನಾ ಓದಿದೆ. ಉದಾರಿಗಳು, ಬಡವರ ಬಂಧು, ಮಧುರಭಾಷಿ. ಮಧುರಭಾಷಿ ಅನ್ನೂದು ಬಂದ ಕೂಡಲೆ ಅಂಗಡಿ ಮುಂದ ನಿಂತವರು ಕೆಮ್ಮಾಕ ಹತ್ತಿದ್ರು. ಸಾವಕಾರ್ರು ಮಾತ್ರ ಶಲ್ಯೇದಲೆ ಕಣ್ಣು ಒರಸ್ಕೊಂಡ್ರು.

"ಬೀಗರ ಮನಿ ಒಂದು ಅತ್ರ ಸಾಕಿತ್ತು, ನೀ ನಾಕು ತಾಲೂಕು ಅಳಸಿದಿ. ಇನ್ನ ಯಾ ಕಾಗಿ ದೋಷ ನನ್ನ ಮುಟ್ಟೀತು?" ಅಂದು ಅಪ್ಪನ ಕಡೆ ತಿರುಗಿದ್ರು. "ಇದು ತಕರಾರಲ್ಲಪ್ಪಾ. ನಾ ಖರೇನ ಹೋದಾಗೂ ಇದನ್ನ ಇವನ ಬರೀಬೇಕು. ಅಲ್ಲೀತನಕ ಇವನ್ನ ಗಾದಿ ಮ್ಯಾಲ ಕೂಡಸಿದ್ರ ನೋಡು ಮತ್ತ."

ನನಗಂತ ಬಿಟ್ಟ ಜಾಗಾಕ್ಕ ಅಪ್ಪ ತಿರುಗಿ ತಾವ ಸರಕೊಂಡ್ರು. ಸಾವಕಾರ್ರು ಆಮ್ಯಾಲ ಭಾಳ ವರ್ಷ ಬಾಳಿದ್ರು. ಅವರ ಆಯುಷ್ಯದ ಮ್ಯಾಲ ನನ್ನ ಪೆನ್ನು ನಡೀತು.

ಪಾಡ್ಯ ಮುಗದು ಸ್ವಲ್ಪ ದಿನಕ್ಕ, ಒಂದು ಮುಂಜಾನೆ ಅವ್ವ ನನ್ನ ಹಿತ್ತಲ ಬಾಗಲಕ ಕರದು ಸುಮ್ಮನಿರು ಅಂತ ಬಾಯಿ ಮ್ಯಾಲ ಬಟ್ಟು ಇಟ್ಲು. ಅಪ್ಪ ಬೇವಿನ ಗಿಡದ ಕೆಳಗ ನಿಂತಿದ್ರು. ರುಮಾಲು ಇಲ್ಲದ ಹೊಚ್ಚಲ ದಾಟದ ಮನುಷ್ಯ, ಬರೇ ತಲೀಲೆ. ತಲಿ ಮ್ಯಾಲ ಒಂದು ರೊಟ್ಟಿ ತುಣುಕು. ಗಿಡದಾಗಿನ ಕಾಗಿ ಕಡೆ ಕಣ್ಣು.

"ಅಪ್ಪಾ, ಏನ್ ಮಾಡಾಕ ಹತ್ತೀರಿ?"

ಅಪ್ಪ ಗಡಬಡಿಸಿ ರೊಟ್ಟಿ ಕೈಯಾಗ ಮುಚ್ಚಿಕೊಂಡ್ರು. "ಏನಿಲ್ಲ, ಗಾಳಿಗೆ ನಿಂತಿದ್ದೆ." ಛಳಿಗೆ ಹಲ್ಲು ಕಟಕಟ ಅಂತಿದ್ದವು. ನೆಲಾ ನೋಡ್ಕೋತ ಕೇಳಿದ್ರು, "ಆ ಸಾವಕಾರಗ ಅಷ್ಟೆಲ್ಲಾ ಬರದಿ. ನನಗ ಏನು ಬರೀತಿದ್ದಿ?"

"ಅದಕ್ಕ ಕಾಗಿ ಯಾಕ್ರೀ ಅಪ್ಪಾ, ಈಗ ಹೇಳ್ತೀನಿ. ಮಗನ್ನ ಗಾದಿ ಮ್ಯಾಲ ಕೂಡಸೂದು ಅವರ ಆಸೆ ಇತ್ತು, ಆದ್ರೂ ಅವನ ಕೈಯಾಗಿನ ಪೆನ್ನು ಕಸಗೊಳ್ಳಲಿಲ್ಲ ಅಂತ ಬರೀತೀನಿ."

ಅಪ್ಪ ಒಳಗ ಹೋಗಿ ರುಮಾಲು ಸುತ್ತಿಕೊಂಡು ಅಂಗಡಿಗೆ ಹೊಂಟ್ರು. ಹೊಚ್ಚಲದಾಗ ನಿಂತು, ತಿರುಗಿ ನೋಡಿ, ಎಂದಿನಂಗ ಗದರಿಸಿದ್ರು.

"ಲೇ, ಮಧುರಭಾಷಿ ಅನ್ನೂದು ಮರೀಬ್ಯಾಡ."