ಬಸುರಿಯ ಗಂಡನ ಕ್ರಾಪು

ಮೂಢನಂಬಿಕೆಗಳನ್ನು ಬುಡಸಮೇತ ಕತ್ತರಿಸಿ ಎಸೆಯುತ್ತೇನೆಂದು ನಾನು ಶಪಥ ಮಾಡಿದ್ದು ಕನ್ನಡನಾಡೆಲ್ಲ ಒಂದಾದ ಮರುವರ್ಷ, ಒಂದು ಭಾನುವಾರ ಬೆಳಿಗ್ಗೆ, ನನ್ನ ಬಾಡಿಗೆ ಮನೆಯ ಕನ್ನಡಿಯ ಮುಂದೆ. ಕನ್ನಡಿಯೊಳಗಿದ್ದವನು ಹಾಸನದ ಸರ್ಕಾರಿ ಗುಮಾಸ್ತೆ ಬಸವರಾಜುವಲ್ಲ. ಹಿಮಾಲಯದಿಂದ ದಾರಿ ತಪ್ಪಿ ಇಳಿದುಬಂದ ಬೈರಾಗಿ!

ಕಾರಣ ಇಷ್ಟೆ. ನನ್ನ ಹೆಂಡತಿ ಮಲ್ಲಿಗಮ್ಮ ಚೊಚ್ಚಲ ಬಸುರಿ. ಬಸುರಿಯ ಗಂಡ ತಲೆಗೆ ಕತ್ತರಿ, ಮುಖಕ್ಕೆ ಕತ್ತಿ ತಾಕಿಸಬಾರದು. ತಾಕಿಸಿದರೆ ಹೊಟ್ಟೆಯೊಳಗಿನ ಕೂಸಿಗೆ ಕೇಡು ಎಂದು ನನ್ನತ್ತೆ ಸುಬ್ಬಮ್ಮನವರ ಕಟ್ಟಪ್ಪಣೆ. ಹೆರಿಗೆಗೆ ತವರಿಗೆ ಹೊರಟ ದಿನ ಮಲ್ಲಿಗಮ್ಮನೂ ಬಸ್ಸಿನ ಕಿಟಕಿಯಿಂದ ಇಣುಕಿ ಅದನ್ನೇ ಹೇಳಿದ್ದಳು: "ಏನೂಂದ್ರೆ, ಊಟ ಬಿಟ್ರೂ ಚಿಂತಿಲ್ಲ, ಕತ್ತರಿ ಮಾತ್ರ ಮುಟ್ಬೇಡಿ!"

ತಿಂಗಳುಗಟ್ಟಲೆ ಮುಟ್ಟಲಿಲ್ಲ. ಕೂದಲು ಕಿವಿ ಮುಚ್ಚಿ ಕೊರಳಿಗಿಳಿಯಿತು. ಬೆಳಗಿನ ಊಟದ ಅಗುಳು ಗಡ್ಡದಲ್ಲಿ ಕೂತು ನನ್ನ ಜೊತೆಗೇ ಕಚೇರಿಗೆ ಬರತೊಡಗಿತು. ಪಕ್ಕದ ಮೇಜಿನ ಈಶ್ವರಯ್ಯ ದಿನಾ ಎದ್ದು ನಿಂತು ಕೈಮುಗಿದು, "ಸ್ವಾಮ್ಗಳು ದಯಮಾಡ್ಸಿದ್ರು, ದಾರಿ ಬಿಡ್ರಪ್ಪಾ!" ಎನ್ನುತ್ತಿದ್ದ. ಕೊನೆಗೆ ಅರ್ಜಿ ಕೊಡಲು ಬಂದ ಮುದುಕಿಯೊಬ್ಬಳು ನನ್ನ ಕಾಲಿಗೆ ಬಿದ್ದು ವಿಭೂತಿ ಕೇಳಿದಳು ನೋಡಿ, ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

"ಕೂಸಿಗೂ ನನ್ನ ಕೂದಲಿಗೂ ಎಲ್ಲಿಯ ನಂಟು? ಇದು ವಿಜ್ಞಾನದ ಕಾಲ!" ಎಂದು ಕನ್ನಡಿಗೆ ಬುದ್ಧಿ ಹೇಳಿ, ನೇರ ಕ್ಷೌರದ ಅಂಗಡಿಗೆ ನಡೆದೆ.

"ಕ್ರಾಪು ಹೊಡಿಯಪ್ಪ. ನೋಡಿದೋರು ಬೆರಗಾಗ್ಬೇಕು!"

"ಒಸಾ ಮಿಷಿನ್ ತಂದಿವ್ನಿ ಸಾ. ಬೆಣ್ಣೇಲಿ ಕೂದ್ಲು ತೆಗ್ದಂಗೆ ತೆಗ್ದುಬುಡ್ತೀನಿ."

ಮಿಷಿನ್ನು ಹಣೆಯಿಂದ ಹೊರಟು ನಡುನೆತ್ತಿಗೆ ಬಂದು ನಿಂತಿತು. ನಿಂತೇಬಿಟ್ಟಿತು! ಜಡೆಗಟ್ಟಿದ ಕೂದಲಿಗೆ ಅದರ ಹಲ್ಲು ಸಿಕ್ಕಿಕೊಂಡು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಅವನು ಎಳೆದ, ನಾನು ಕಿರುಚಿದೆ. ಅಂತೂ ಬಿಡಿಸಿಕೊಂಡಾಗ ನನ್ನ ತಲೆಯ ಮೇಲೆ ನೇಗಿಲು ಹೊಡೆದ ಹಾಗೆ ಒಂದು ಸಾಲು ಬಿದ್ದಿತ್ತು.

"ಈಗೇನಪ್ಪಾ ಗತಿ?"

"ಎಲ್ಡೇ ದಾರಿ ಸಾ. ಇಂಗೇ ಮನೆಗೋಗೋದು, ಇಲ್ಲಾಂದ್ರೆ ಪೂರಾ ಬೋಳ್ಸೋದು."

ಬೋಳಿಸಿದ. ಗಡ್ಡವೂ ಹೋಯಿತು. ನುಣ್ಣನೆಯ ತಲೆಯ ಕೆಳಗೆ ದಪ್ಪ ಮೀಸೆಯೊಂದೇ ದಿಕ್ಕಿಲ್ಲದೆ ಉಳಿದದ್ದನ್ನು ಕಂಡು ನನಗೇ ನಗು ಬಂತು. "ಅದನ್ನೂ ತೆಗಿ!" ಎಂದೆ. ಈ ಘನಕಾರ್ಯಕ್ಕೆ ಮಾತ್ರ ಯಾರನ್ನೂ ದೂರುವ ಹಾಗಿಲ್ಲ, ನನ್ನದೇ ಅಪ್ಪಣೆ!

ಅಬ್ಬಾ, ಆ ಹಗುರ! ಬೀದಿಗೆ ಕಾಲಿಟ್ಟರೆ ಗಾಳಿ ನೆತ್ತಿಯನ್ನೇ ಹುಡುಕಿಕೊಂಡು ಬಂದು ಸವರುತ್ತಿತ್ತು. ಕೈ ತಾನಾಗಿ ಮೇಲೆ ಹೋಗುತ್ತಿತ್ತು. ಮುಟ್ಟಿದರೆ ಬೇರೆ ಯಾರದೋ ತಲೆ ಮುಟ್ಟಿದಂತೆ ನಾಚಿಕೆ. ಅರ್ಧ ಬೀದಿ ದಾಟುವವರೆಗೆ ನಾನು ರಾಜ. ಆಮೇಲೆ ನೆನಪಾಯಿತು: ಆ ದಿನವೇ ನಾನು ಅತ್ತೆಮನೆಗೆ ಹೋಗಬೇಕು! ಮಲ್ಲಿಗಮ್ಮನಿಗೆ ದಿನ ತುಂಬಿದ್ದವು, ಬರುತ್ತೇನೆಂದು ಮಾತು ಕೊಟ್ಟಿದ್ದೆ. ಹೋಗದಿದ್ದರೆ ಅವಳಿಗೆ ಗಾಬರಿ. ಹೋದರೆ ಅತ್ತೆ!

ತಲೆಗೆ ಟವಲು ಸುತ್ತಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಪಕ್ಕದಲ್ಲೇ ಕೂತಿದ್ದವನು ಅತ್ತೆಯ ಊರಿನ ಪಾಲಾಕ್ಷ. ಬಸ್ಸು ಜೋರಾದದ್ದೇ ತಡ, ಗಾಳಿಗೆ ಟವಲು ಹಾರಿ ಹಿಂದಿನ ಸೀಟಿಗೆ ಹೋಯಿತು. ಪಾಲಾಕ್ಷ ನನ್ನ ತಲೆ ನೋಡಿದ, ಮೀಸೆಯಿಲ್ಲದ ಮುಖ ನೋಡಿದ. ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕೈ ಒತ್ತಿದ. ಕ್ರಾಪು ಕೆಟ್ಟದ್ದಕ್ಕೆ ಇಷ್ಟು ಮರುಗುವ ಸಹೃದಯನೂ ಇದ್ದಾನಲ್ಲ ಎಂದು ನಾನೂ ಅವನ ಕೈ ಒತ್ತಿದೆ. ಚನ್ನರಾಯಪಟ್ಟಣದಲ್ಲಿ ನಾನು ಹೂವು ಹಣ್ಣು ಕೊಳ್ಳುತ್ತಿದ್ದರೆ ಅವನು ಊರಿನ ಕಾಲುದಾರಿ ಹಿಡಿದು ಬಿರಬಿರನೆ ನಡೆದುಬಿಟ್ಟ.

ಊರ ಬಾಗಿಲಿಗೆ ಬರುವಾಗಲೇ ಅಳು ಕೇಳಿಸಿತು. ಅತ್ತೆಮನೆ ಕಡೆಯಿಂದ! ಮಲ್ಲಿಗಮ್ಮ! ಹಣ್ಣಿನ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ, ಓಡಿದೆ.

ಅಂಗಳದಲ್ಲಿ ಅತ್ತೆ ಎದೆ ಬಡಿದುಕೊಳ್ಳುತ್ತಿದ್ದರು. "ಅಯ್ಯೋ ನನ್ ಬೀಗ್ರೇ! ಬಂಗಾರದಂತಾ ಬೀಗ್ರೇ! ಮೊಮ್ಮಗಿನ ಮುಖ ನೋಡ್ದೆ ಓದ್ರಲ್ಲಪ್ಪೋ!"

ಆಗ ನನಗೆ ಬೆಳಕು ಹರಿಯಿತು. ಅಪ್ಪ ಸತ್ತರೆ ಮಗ ತಲೆ ಮೀಸೆ ಎರಡನ್ನೂ ಬೋಳಿಸುವುದು ನಮ್ಮ ಕಡೆಯ ಪದ್ಧತಿ. ಪಾಲಾಕ್ಷ ಎರಡನ್ನೂ ಕಂಡಿದ್ದ. ಅರಕಲಗೂಡಿನಲ್ಲಿ ಮುದ್ದೆ ನುಂಗುತ್ತಾ ಕೂತಿದ್ದ ನಮ್ಮಪ್ಪನನ್ನು ಇಲ್ಲಿ ಅತ್ತೆಯ ಅಂಗಳದಲ್ಲಿ ಸಾಯಿಸಿಬಿಟ್ಟಿದ್ದ! ಬದುಕಿರುವಷ್ಟು ಕಾಲ ಅತ್ತೆಯ ಬಾಯಲ್ಲಿ 'ಆ ಜುಗ್ಗ' ಆಗಿದ್ದ ನಮ್ಮಪ್ಪ ಸತ್ತ ಕೂಡಲೇ ಬಂಗಾರವಾಗಿದ್ದ.

"ಅತ್ತೇ, ನಮ್ಮಪ್ಪ ಸತ್ತಿಲ್ಲ! ಗುಂಡುಕಲ್ಲಿನಂಗವ್ರೆ!"

ಅಳು ಗಕ್ಕನೆ ನಿಂತಿತು. "ಸತ್ತಿಲ್ವಾ? ಮತ್ತೆ ಈ ತಲೆ?"

"ಅದು... ಕ್ರಾಪು ಮಾಡಿಸಕ್ಕೆ ಹೋಗಿ..."

"ಎಂಡ್ರು ತುಂಬಿದ್ ಬಸ್ರಿ, ನೀವು ತಲೆ ಬೋಳಿಸ್ಕಂಡು ಬಂದಿದ್ದೀರಾ? ಅಳಿಮಯ್ಯ, ಒಟ್ಟೆಗೆ ಏನ್ ತಿಂತೀರಾ?" ನಮ್ಮಪ್ಪ ಸತ್ತಿದ್ದರೇ ವಾಸಿಯಿತ್ತು ಎನ್ನುವಂತಿತ್ತು ಆ ದನಿ.

ಅಷ್ಟರಲ್ಲಿ ಒಳಗಿನಿಂದ ಮಲ್ಲಿಗಮ್ಮ ಚೀರಿದಳು. ಮೊದಲ ಅಳುವಿಗೇ ಬೆದರಿ ಅವಳಿಗೆ ನೋವು ಶುರುವಾಗಿತ್ತು! ಸೂಲಗಿತ್ತಿ ಬಸವಲಿಂಗಮ್ಮ ಓಡೋಡಿ ಬಂದವಳು ನನ್ನ ತಲೆಯನ್ನೊಮ್ಮೆ ದುರುಗುಟ್ಟಿ ನೋಡಿ ಬಾಗಿಲು ಹಾಕಿಕೊಂಡಳು.

ಜಗುಲಿಯ ಮೇಲೆ ನಾನು ಮತ್ತು ಮಾವ ದ್ಯಾವಯ್ಯ. ಮಾವ ನನ್ನ ತಲೆಯನ್ನು ಬಿಟ್ಟು ಊರಿನ ಉಳಿದೆಲ್ಲವನ್ನೂ ನೋಡುತ್ತಿದ್ದರು. ಒಳಗೆ ಒಂದೊಂದು ಕೂಗಿಗೂ ನಾನೆದ್ದು ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂರುತ್ತಿದ್ದೆ. ಬಿಸಿಲು ಇಳಿಯಿತು, ಕೂಸು ಇಳಿಯಲಿಲ್ಲ. ಬಾಗಿಲ ಸಂದಿಯಲ್ಲಿ ಬಸವಲಿಂಗಮ್ಮನ ಮುಖ ಕಂಡಿತು. "ಕೂಸು ಅಡ್ಡಾಗೈತೆ. ಇನ್ನೊಂದಿಷ್ಟು ಬಿಸ್ನೀರ್ ತತ್ತಾ!" ಅಂದಳು ಅತ್ತೆಗೆ. ಬಾಗಿಲು ಮತ್ತೆ ಮುಚ್ಚಿತು. ನನ್ನಿಂದಲೇ ಆಯಿತೇ? ಒಂದು ಕ್ರಾಪಿನ ಶೋಕಿಗೆ ನನ್ನ ಮಲ್ಲಿಗಮ್ಮನನ್ನೇ ಕಳೆದುಕೊಳ್ಳುತ್ತೇನೆಯೇ? ವಿಜ್ಞಾನವನ್ನು ಕರೆದೆ, ಅದು ಹಾಸನದಿಂದ ಬಸ್ಸೇ ಹತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಕೂಗೂ ನಿಂತುಹೋಯಿತು. ಎದ್ದು ನಿಂತು ಕೈಮುಗಿದು ಇಡೀ ಕೇರಿಗೆ ಕೇಳುವಂತೆ ಅರಚಿದೆ: "ಧರ್ಮಸ್ಥಳದ ಮಂಜುನಾಥಾ! ತಾಯಿ ಮಗು ಇಬ್ರನ್ನೂ ಉಳ್ಸಪ್ಪಾ! ನಿನ್ನ ಸನ್ನಿಧಿಗೆ ಬಂದು ಮುಡಿ ಕೊಡ್ತೀನಿ!"

ಮಾವ ಆಗ ಮೊದಲ ಸಲ ನನ್ನ ತಲೆ ನೋಡಿದರು. ಬಲು ಹೊತ್ತು ನೋಡಿದರು. ಆಮೇಲೆ ಎಲೆಯಡಿಕೆ ಚೀಲ ಬಿಚ್ಚಿದರು.

ಒಳಗೆ ಕೂಸು ಕಿಟಾರನೆ ಅತ್ತಿತು! "ಎಣ್ ಕೂಸು! ಇಬ್ರೂ ಚೆಂದಾಗವ್ರೆ!" ಎಂದು ಬಸವಲಿಂಗಮ್ಮ ಕೂಗಿದಳು. "ಏನ್ ಕೂದ್ಲು ಅಂತೀರಾ! ಅಪ್ಪಂದನ್ನೂ ಇದೇ ಒತ್ಕಂಡ್ ಬಂದೈತೆ!" ನಾನು ಜಗುಲಿಯ ಕಂಬ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಒಳಗೆ ಹೋದರೆ ಮಲ್ಲಿಗಮ್ಮ ಸೋತು ಮಲಗಿದ್ದಳು. ನನ್ನ ತಲೆ ಕಂಡು ಆ ನೋವಿನಲ್ಲೂ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು.

"ಮುಡಿ ಹರ್ಸ್ಕಂಡ್ರಂತೆ? ಯಾವ ಮುಡಿ ಕೊಡ್ತೀರಾ?"

"ಬೆಳಿಸ್ಲಿ!" ಎಂದರು ಅತ್ತೆ, ನನ್ನ ಬದಲಿಗೆ. "ಮುಡಿ ಅಂದ್ಮೇಲೆ ಎಗಲಿಗೆ ಬೀಳ್ಬೇಕು. ಅಲ್ಲಿಗಂಟ ಕತ್ತರಿ ಮುಟ್ಟಂಗಿಲ್ಲ!"

ಈಶ್ವರಯ್ಯ ಎದ್ದು ನಿಂತು ಕೈಮುಗಿಯುವುದು ಕಣ್ಣಿಗೆ ಕಟ್ಟಿತು. ಅತ್ತೆ ಆಚೆ ಹೋದ ಮೇಲೆ ಮಲ್ಲಿಗಮ್ಮನಿಗೇ ಕನಿಕರ ಬಂದು ಪಿಸುಗುಟ್ಟಿದಳು: "ಇದೆಲ್ಲ ಮೂಢನಂಬಿಕೆ ಅಂತೀರಲ್ಲ ನೀವು. ಬ್ಯಾಡಾಂದ್ರೆ ಬಿಡಿ, ಅವ್ವಂಗೆ ನಾನೇ ಹೇಳ್ತೀನಿ."

ಕೂಸು ನನ್ನ ಕಿರುಬೆರಳನ್ನು ಹಿಡಿದುಕೊಂಡು ಮಲಗಿತ್ತು.

"ಬಿಡ್ತು ಅನ್ನು!" ಎಂದೆ ಗಾಬರಿಯಿಂದ. "ಹೆಗಲೇನು, ಸೊಂಟಕ್ಕೆ ಬೀಳೋ ಗಂಟ ಬೆಳೆಸ್ತೀನಿ!"

"ಅದು ನಿಧಾನಕ್ಕೆ ಬೆಳೀಲಿ, ಮೊದ್ಲು ಮೀಸೆ ಬೆಳೆಸ್ಕಳಿ," ಅಂದಳು ಮಲ್ಲಿಗಮ್ಮ. "ಅಪ್ಪಯ್ಯ ಆಗ್ಲೇ ಅರಕಲಗೂಡಿಗೆ ಆಳು ಕಳ್ಸೈತೆ. ನಾಳೆ ನಿಮ್ಮಪ್ಪಾರು ಕೂಸು ನೋಡಕ್ಕೆ ಬತ್ತಾರೆ!"